ಶಾಲೆಯಲ್ಲಿ ಗಾಯಗೊಂಡ ಮಗುವಿನ ಪೋಷಕರಿಗೆ ಮೊದಲು ಬೇಕಾದದ್ದು ಒಂದು ವರದಿ: ಶಾಲಾ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಯವರು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲಿ ವೃತ್ತಿ ಮಾಡಿಕೊಂಡಿರುವವನು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲನೂ ಹೌದು. ಶಾಲೆಯ ಆವರಣದಲ್ಲಿ ಕೈಕಾಲು ಮುರಿದುಕೊಂಡ, ಕಣ್ಣಿಗೆ ಪೆಟ್ಟು ತಿಂದ, ಬಿಸಿಯೂಟದ ಸಾಂಬಾರು ಮೈಮೇಲೆ ಚೆಲ್ಲಿ ಸುಟ್ಟುಕೊಂಡ ಮಕ್ಕಳ ತಂದೆ ತಾಯಿಯರು ನನ್ನಲ್ಲಿಗೆ ಬಂದಾಗ ಮೊದಲು ಕೇಳುವುದು ಕೇಸು ಹಾಕಬಹುದೇ ಎಂದು. ಹಾಕಬಹುದು, ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಆದರೆ ಘಟನೆ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಮೇಲ್ವಿಚಾರಣೆಯಲ್ಲಿ ನಡೆಯಿತು ಎಂದು ಶಾಲೆಯವರು ಏನಾದರೂ ಬರೆದುಕೊಟ್ಟಿದ್ದಾರೆಯೇ ಎಂದು ನಾನು ತಿರುಗಿ ಕೇಳಿದರೆ ಅವರ ಬಳಿ ಎಕ್ಸ್‌ರೇ ಲಕೋಟೆ ಮತ್ತು ಔಷಧಿ ಅಂಗಡಿಯ ಬಿಲ್ಲುಗಳ ಹೊರತು ಬೇರೇನೂ ಇರುವುದಿಲ್ಲ. ಈ ಕೊರತೆಯನ್ನು ಇಲಾಖೆಯ ಒಂದು ಆದೇಶದಿಂದ ನೀಗಿಸಬಹುದು ಎಂದು ನನಗೆ ಅನ್ನಿಸಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಪೋಷಕರೂ ಓದಲಿ ಎಂಬ ಉದ್ದೇಶದಿಂದ, ಈಗಿರುವ ಕಾನೂನಿನಲ್ಲಿ ಅವರಿಗೆ ಏನು ಲಭ್ಯ ಎಂಬುದನ್ನೂ ಇಲ್ಲಿ ತುಸು ವಿವರವಾಗಿಯೇ ಹೇಳಿದ್ದೇನೆ.

ಮೊದಲಿಗೆ ಒಂದು ಹೋಲಿಕೆ. ಶಾಲೆಯ ಗೇಟಿನ ಹೊರಗೆ ಶಾಲಾ ಬಸ್ಸೇ ತಗುಲಿ ಮಗುವಿನ ಕಾಲು ಮುರಿಯಿತು ಎಂದುಕೊಳ್ಳೋಣ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳೊಳಗೆ ಅಪಘಾತದ ಮೊದಲ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು, ಮುಂದೆ ವಿವರವಾದ ವರದಿಯನ್ನೂ ಸಲ್ಲಿಸಬೇಕು. ವಾಹನಕ್ಕೆ ವಿಮೆ ಕಡ್ಡಾಯವಾಗಿರುವುದರಿಂದ ಹಣ ಕೊಡುವವರು ಯಾರು ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಮಗುವಿನ ಅಂಗವೈಕಲ್ಯಕ್ಕೆ ಪರಿಹಾರವನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ಬಗ್ಗೆ, ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಶೇಕಡಾವಾರು ಮಾನದಂಡವನ್ನೇ ಹಾಕಿಕೊಟ್ಟಿತು. ಅದೇ ಮಗು ಗೇಟಿನ ಒಳಗೆ, ಸರಳು ಕಿತ್ತುಹೋದ ಮೆಟ್ಟಿಲ ಕಟಕಟೆಯಿಂದ ಬಿದ್ದು ಅದೇ ಕಾಲನ್ನು ಮುರಿದುಕೊಂಡರೆ ಇವುಗಳಲ್ಲಿ ಯಾವುದೂ ಅದಕ್ಕೆ ದಕ್ಕುವುದಿಲ್ಲ. 48 ಗಂಟೆಗಳಲ್ಲಿ ವರದಿ ಸಿದ್ಧಪಡಿಸುವವರು ಯಾರೂ ಇಲ್ಲ. ಎಲ್ಲವನ್ನೂ ಪೋಷಕರೇ ಮೊದಲಿನಿಂದ ಸಾಬೀತುಪಡಿಸಬೇಕು, ಮತ್ತು ಅದಕ್ಕೆ ಬೇಕಾದ ಪುರಾವೆಯೆಲ್ಲ ಎದುರು ಪಕ್ಷದವರ ಬೀರುವಿನಲ್ಲಿರುತ್ತದೆ.

ಆ ಪುರಾವೆ ಕಳೆದುಹೋಗಲು ಹೆಚ್ಚು ಕಾಲ ಬೇಕಿಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವವರು ಸಾಮಾನ್ಯವಾಗಿ ಶಿಕ್ಷಕರು ಅಥವಾ ಶಾಲೆಯ ಆಯಾ. ಏನಾಯಿತು ಎಂದು ವೈದ್ಯರು ಕೇಳಿದಾಗ 'ಆಟವಾಡುವಾಗ ತಾನಾಗಿಯೇ ಬಿದ್ದ' ಎಂಬ ಒಂದು ಸಾಲು ಕೇಸ್ ಶೀಟಿನ ತಲೆಯಲ್ಲಿ ಕೂರುತ್ತದೆ. ಪೊಲೀಸರ ರಗಳೆ ಬೇಡವೆಂದು 'ಮನೆಯಲ್ಲಿ ಬಿದ್ದದ್ದು' ಎಂದು ಬರೆಸಿದ ಶೀಟನ್ನೂ ನಾನು ನೋಡಿದ್ದೇನೆ. ಅದನ್ನು ಬರೆಸಿದವರು ತಂದೆಯೇ, ಮುಖ್ಯ ಶಿಕ್ಷಕರ ಮಾತಿಗೆ ಕಟ್ಟುಬಿದ್ದು. ಎರಡು ವರ್ಷಗಳ ನಂತರ ಪಾಟೀಸವಾಲಿನಲ್ಲಿ ಎದುರು ವಕೀಲರು ಆ ಒಂದು ಸಾಲನ್ನು ಹಿಡಿದುಕೊಂಡರೆ ಉತ್ತರ ಕೊಡುವುದು ಬಹಳ ಕಷ್ಟ. ಹಾಗಾಗಿ ಪೋಷಕರು ಆಸ್ಪತ್ರೆ ತಲುಪಿದ ಕೂಡಲೇ ಕೇಸ್ ಶೀಟಿನಲ್ಲಿ ಘಟನೆ ಶಾಲೆಯಲ್ಲಿ ನಡೆದದ್ದೆಂದು ದಾಖಲಾಗುವಂತೆ ನೋಡಿಕೊಳ್ಳಬೇಕು, ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಎಂದು ದಾಖಲಿಸುವಂತೆ ವೈದ್ಯರನ್ನು ಕೇಳಬೇಕು, ಮುಂದೆ ಪೊಲೀಸರ ಮೂಲಕ ಗಾಯದ ಪ್ರಮಾಣಪತ್ರ ಬರುವುದು ಈ ದಾಖಲೆಯ ಆಧಾರದ ಮೇಲೆಯೇ ಎಂಬುದನ್ನು ಮರೆಯಬಾರದು.

ಸಿಸಿಟಿವಿಯ ಕಥೆಯೂ ಇಂಥದ್ದೇ. ಸಿಬಿಎಸ್‌ಇ ಮಂಡಳಿಯು 2025ರ ಜುಲೈನಲ್ಲಿ ತನ್ನ ಶಾಲೆಗಳಿಗೆ ಧ್ವನಿಸಹಿತ ಕ್ಯಾಮೆರಾಗಳನ್ನು ಕಡ್ಡಾಯಗೊಳಿಸಿ, ದೃಶ್ಯಗಳನ್ನು ಕನಿಷ್ಠ 15 ದಿನ ಉಳಿಸಿಕೊಳ್ಳಬೇಕೆಂದು ಹೇಳಿತು. ಒಳ್ಳೆಯ ಕ್ರಮವೇ. ಆದರೆ ತಲೆಗೆ ಪೆಟ್ಟಾದ ಮಗು 15 ದಿನಗಳ ನಂತರವೂ ಆಸ್ಪತ್ರೆಯ ಹಾಸಿಗೆಯಲ್ಲೇ ಇರಬಹುದು, ಅದರ ತಾಯಿಗೆ ಆಗ ದೃಶ್ಯದ ಪ್ರತಿ ಕೇಳುವ ಯೋಚನೆ ಬಂದಿರಲಾರದು. ಆದ್ದರಿಂದ ಮೊದಲ ಎರಡು ಮೂರು ದಿನಗಳಲ್ಲೇ, ಸಂಬಂಧಿಕರೊಬ್ಬರ ಮೂಲಕವಾದರೂ ಸರಿ, ಇಂಥ ದಿನದ ಇಂಥ ಸಮಯದ ದೃಶ್ಯವನ್ನು ಅಳಿಸದೆ ಉಳಿಸಿಡಬೇಕೆಂದು ಶಾಲೆಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸುವುದು ಒಳಿತು. ಪತ್ರ ತಲುಪಿದ ಮೇಲೂ ದೃಶ್ಯ ಅಳಿಸಿಹೋದರೆ ನ್ಯಾಯಾಲಯ ಅದನ್ನು ಶಾಲೆಯ ವಿರುದ್ಧವಾಗಿ ಪರಿಗಣಿಸುವಂತೆ ವಾದಿಸಲು ಅವಕಾಶವಿರುತ್ತದೆ.

ಇನ್ನು ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಪ್ರಕಾರ, ಇತರರ ಸುರಕ್ಷತೆಗೆ ಅಪಾಯವಾಗುವಂಥ ನಿರ್ಲಕ್ಷ್ಯದಿಂದ ಯಾರಿಗಾದರೂ ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಸಾವು ಸಂಭವಿಸಿದರೆ 106ನೇ ಸೆಕ್ಷನ್ ಅನ್ವಯವಾಗುತ್ತದೆ. ತೀವ್ರ ಗಾಯ ಎಂದರೆ ಜೀವ ಹೋಗುವಂಥ ಗಾಯವೇ ಆಗಬೇಕೆಂದು ಪೋಷಕರು ತಿಳಿದಿರುತ್ತಾರೆ. ಹಾಗೇನಿಲ್ಲ. ಎಲುಬು ಮುರಿದರೂ, ಕೀಲು ತಪ್ಪಿದರೂ, ಹಲ್ಲು ಮುರಿದರೂ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯವೇ. ಇಂಥ ದೂರು ಬಂದಾಗ ಪ್ರಕರಣ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಠಾಣೆಯಲ್ಲಿ ನಡೆಯುವುದು ಬೇರೆ: ಎರಡೂ ಕಡೆಯವರನ್ನು ಕೂರಿಸಿ, ಆಡಳಿತ ಮಂಡಳಿಯವರು ಆಸ್ಪತ್ರೆ ಖರ್ಚು ಕೊಡುತ್ತಾರಂತೆ ಎಂದು ಹೇಳಿ, ಮುಚ್ಚಳಿಕೆ ಬರೆಸಿಕೊಂಡು, ಅರ್ಜಿಯನ್ನು ಮುಕ್ತಾಯಗೊಳಿಸಿದೆ ಎಂಬ ಹಿಂಬರಹ ಕೊಟ್ಟು ಕಳುಹಿಸುತ್ತಾರೆ. ಸ್ಥಳ ಮಹಜರು ನಡೆಯುವುದೇ ಇಲ್ಲ. ಮುರಿದ ಕಟಕಟೆಗೆ ಅಷ್ಟರೊಳಗೆ ವೆಲ್ಡಿಂಗ್ ಆಗಿ ಬಣ್ಣವೂ ಬಿದ್ದಿರುತ್ತದೆ. ಠಾಣಾಧಿಕಾರಿ ದೂರು ದಾಖಲಿಸದಿದ್ದರೆ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಮೊರೆಹೋಗಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ದಾರಿ ಕೊಡುತ್ತದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಶಿಕ್ಷಕರೇ ಹೊಡೆದು ಗಾಯವಾಗಿದ್ದರೆ ಮಾತು ಬೇರೆಯಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಆದರೆ ಆ ಕಾಯ್ದೆಯ ಮಗು 6ರಿಂದ 14 ವರ್ಷದ್ದು, ಮತ್ತು ಅದರಡಿ ಆಗುವುದು ಶಿಸ್ತುಕ್ರಮ ಮಾತ್ರ. ಹತ್ತನೇ ತರಗತಿಯ ಹದಿನೈದರ ಹುಡುಗನಿಗೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ನೆರವಾಗುತ್ತದೆ. ಮಗುವಿನ ಆರೈಕೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿ ಅದನ್ನು ಕ್ರೌರ್ಯಕ್ಕೆ ಗುರಿಪಡಿಸಿದರೆ ಐದು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡವನ್ನು ಅದು ಹೇಳುತ್ತದೆ. ಕೇಳಲು ಬಿಗಿಯಾಗಿದೆ. ಆದರೆ 2021ರ ತಿದ್ದುಪಡಿಯು ಮೂರರಿಂದ ಏಳು ವರ್ಷದ ಶಿಕ್ಷೆಯಿರುವ ಈ ಕಾಯ್ದೆಯ ಅಪರಾಧಗಳನ್ನು ಅಸಂಜ್ಞೇಯವಾಗಿಸಿದ್ದರಿಂದ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡಲಾಗದು ಎಂದು ಪೊಲೀಸರು ಕೈಚೆಲ್ಲಬಹುದು. ಮಕ್ಕಳ ರಕ್ಷಣೆಗೆಂದೇ ಮಾಡಿದ ಕಾಯ್ದೆಯನ್ನು ಹೀಗೆ ಸಡಿಲಗೊಳಿಸಿದ್ದರ ತರ್ಕ ನನಗೆ ಇಂದಿಗೂ ತಿಳಿದಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣಗಳು ಪೋಕ್ಸೊ ಕಾಯ್ದೆಯಡಿ ಪ್ರತ್ಯೇಕವಾದವು. ಅಲ್ಲಿ ಮಾಹಿತಿ ಮುಚ್ಚಿಡುವುದೇ ಅಪರಾಧವಾದ್ದರಿಂದ ಅವುಗಳನ್ನು ಇಲ್ಲಿ ಸೇರಿಸಿಲ್ಲ.

ಕ್ರಿಮಿನಲ್ ಪ್ರಕರಣದಿಂದ ಯಾರಿಗಾದರೂ ಶಿಕ್ಷೆಯಾದೀತು, ಆದರೆ ಮಗುವಿನ ಮುಂದಿನ ಶಸ್ತ್ರಚಿಕಿತ್ಸೆಗೆ ಹಣ ಬರಬೇಕಾದರೆ ಪರಿಹಾರದ ದಾರಿಯನ್ನೇ ಹಿಡಿಯಬೇಕು. ಬಹುಪಾಲು ಪೋಷಕರ ಬಾಯಲ್ಲಿ ಮೊದಲು ಬರುವುದು ಗ್ರಾಹಕರ ನ್ಯಾಯಾಲಯ. ಅದಕ್ಕೆ ಕಾರಣವೂ ಇದೆ. 2006ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಾಲೆಯೊಂದು ಉತ್ತರ ಭಾರತ ಪ್ರವಾಸಕ್ಕೆ ಕರೆದೊಯ್ದಿದ್ದ ಒಂಬತ್ತನೇ ತರಗತಿಯ ಬಾಲಕಿ ದಾರಿಯಲ್ಲಿ ಜ್ವರದಿಂದ ಬಳಲಿದಾಗ ಜೊತೆಗಿದ್ದ ಶಿಕ್ಷಕರು ಸಕಾಲದಲ್ಲಿ ಚಿಕಿತ್ಸೆ ಕೊಡಿಸದೆ, ಅವಳ ಮಿದುಳಿಗೆ ತೀವ್ರ ಹಾನಿಯಾಯಿತು. ರಾಜ್ಯ ಗ್ರಾಹಕರ ಆಯೋಗ ಸುಮಾರು 88.73 ಲಕ್ಷ ರೂಪಾಯಿ ಪರಿಹಾರ ನೀಡಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಮೊತ್ತವನ್ನೇ ಮರಳಿಸಿತು. ಹದಿನಾಲ್ಕರ ಹುಡುಗಿಗೆ ಅಂತಿಮ ತೀರ್ಪು ಸಿಗುವಷ್ಟರಲ್ಲಿ ಅವಳ ವಯಸ್ಸು ಎರಡರಷ್ಟಾಗಿತ್ತು. ಈ ತೀರ್ಪನ್ನು ಓದಿ ಗ್ರಾಹಕರ ಆಯೋಗಕ್ಕೆ ಹೊರಡುವವರು ಇನ್ನೊಂದನ್ನೂ ತಿಳಿದಿರಬೇಕು. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗದ ವಿಸ್ತೃತ ಪೀಠವು ಶಿಕ್ಷಣ ಸಂಸ್ಥೆಗಳು, ಅವು ನಡೆಸುವ ಪ್ರವಾಸ, ಈಜು, ಕ್ರೀಡೆಗಳನ್ನೂ ಒಳಗೊಂಡಂತೆ, ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿತು. ಅದೇ ಪ್ರಕರಣ ಆ ಬಳಿಕ ಹೊಸದಾಗಿ ದಾಖಲಾಗಿದ್ದರೆ ಬಾಗಿಲಲ್ಲೇ ನಿಂತುಹೋಗುವ ಸಾಧ್ಯತೆ ಹೆಚ್ಚಿತ್ತು.

ಹಾಗಾಗಿ ಉಳಿಯುವುದು ಸಿವಿಲ್ ನ್ಯಾಯಾಲಯ. ಶಾಲೆಯ ಸಮಯದಲ್ಲಿ ಮಗುವಿನ ವಿಷಯದಲ್ಲಿ ಶಾಲೆ ಪೋಷಕರ ಸ್ಥಾನದಲ್ಲಿರುತ್ತದೆ, ವಿವೇಕವುಳ್ಳ ತಂದೆ ತಾಯಿ ವಹಿಸುವಷ್ಟು ಎಚ್ಚರವನ್ನು ಅದು ವಹಿಸಬೇಕು ಎಂಬುದು ಇಲ್ಲಿನ ಅಳತೆಗೋಲು. ಎಲ್ಲ ಗಾಯಕ್ಕೂ ಶಾಲೆ ಹೊಣೆಯಲ್ಲ ಎಂಬುದನ್ನು ನಾನು ಪೋಷಕರಿಗೆ ಖಂಡಿತವಾಗಿ ಹೇಳುತ್ತೇನೆ: ಕಬಡ್ಡಿ ಆಡುವಾಗ, ದೈಹಿಕ ಶಿಕ್ಷಕರು ಎದುರಿಗೇ ನಿಂತಿದ್ದಾಗ, ಸರಿಯಾದ ಮಣ್ಣಿನ ಅಂಕಣದಲ್ಲಿ ಕೈ ಮುರಿದರೆ ಅದು ಆಟದ ಅಪಾಯ. ಅದೇ ಕಬಡ್ಡಿಯನ್ನು ಜಲ್ಲಿ ಹರಡಿದ ಕಟ್ಟಡ ಕಾಮಗಾರಿಯ ಜಾಗದಲ್ಲಿ ಆಡಿಸಿದರೆ ಅದು ನಿರ್ಲಕ್ಷ್ಯ. ಶಿಕ್ಷಕರ ತಪ್ಪಿಗೆ ಅವರನ್ನು ನೇಮಿಸಿಕೊಂಡ ಆಡಳಿತ ಮಂಡಳಿಯೂ ಹೊಣೆಯಾಗುತ್ತದೆ. ಅಪ್ರಾಪ್ತ ವಯಸ್ಸಿನ ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಇನ್ನೊಬ್ಬ ಹಿತೈಷಿ ದಾವೆ ಹೂಡಬೇಕು. ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಕಾಲಮಿತಿ, ಕೆಲವು ಸಂದರ್ಭಗಳಲ್ಲಿ ಇನ್ನೂ ಕಡಿಮೆ. ಆದರೆ ಮಗುವಿಗೆ 18 ತುಂಬಿದ ಬಳಿಕವೇ ಆ ಅವಧಿಯನ್ನು ಅದರ ವಿರುದ್ಧ ಲೆಕ್ಕ ಹಾಕಬಹುದು. ತಂದೆ ತಾಯಿ ತಾವು ಭರಿಸಿದ ವೈದ್ಯಕೀಯ ಖರ್ಚನ್ನು ತಮ್ಮ ಹೆಸರಿನಲ್ಲಿ ಕೇಳುವುದಾದರೆ ಅವರಿಗೆ ಈ ಸೌಲಭ್ಯವಿಲ್ಲ, ಎಂದಿನ ಗಡುವೇ ಗಡುವು. ಸರ್ಕಾರಿ ಶಾಲೆಯಾದರೆ ದಾವೆಗೆ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ನಿರ್ಲಕ್ಷ್ಯ ಎದ್ದು ಕಾಣುವಂತಿದ್ದರೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿಯೂ ಪರಿಹಾರ ಕೇಳಬಹುದು.

ಪ್ರವಾಸಕ್ಕೆ ಮುನ್ನ ಅಥವಾ ಪ್ರವೇಶದ ಸಮಯದಲ್ಲಿ 'ಏನೇ ಆದರೂ ಶಾಲೆ ಜವಾಬ್ದಾರಿಯಲ್ಲ' ಎಂಬ ಫಾರಂಗೆ ಸಹಿ ಮಾಡಿದ್ದೇವಲ್ಲ ಎಂದು ಅನೇಕರು ಅಳುಕುತ್ತಾರೆ. ಮಗುವಿನ ಹಕ್ಕನ್ನು ತಂದೆ ತಾಯಿ ಮುಂಚಿತವಾಗಿ ಬಿಟ್ಟುಕೊಡಲು ಬರುವುದಿಲ್ಲ ಎಂಬುದೇ ನನ್ನ ವಾದ. ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಂತೂ ಪಾಲಕರು ಮಗುವಿನ ಹಿತಕ್ಕಾಗಿ ಮಾತ್ರ ವರ್ತಿಸಬೇಕೆನ್ನುತ್ತದೆ; ದಾವೆ ನಡೆಯುತ್ತಿರುವಾಗ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಪರವಾಗಿ ರಾಜಿ ಮಾಡಿಕೊಳ್ಳುವಂತಿಲ್ಲ. ಸಹಿ ಹಾಕಿದ ಫಾರಂ ಇದೆಯೆಂದು ಯಾರೂ ಸುಮ್ಮನಾಗಬೇಕಿಲ್ಲ.

ದಾವೆಯ ಖರ್ಚು ನಿಜವಾದ ಅಡ್ಡಿ. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕಾಗುತ್ತದೆ. ಆದರೆ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು ಮತ್ತು ಮಕ್ಕಳು, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಗಾಯಗೊಂಡ ಮಗುವೇ ವಾದಿಯಾಗುವುದರಿಂದ ಈ ನೆರವು ಅದಕ್ಕೆ ಸಲ್ಲುತ್ತದೆ. ಆಯಾ ತಾಲ್ಲೂಕಿನ ನ್ಯಾಯಾಲಯ ಸಂಕೀರ್ಣದಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ತಾಯಂದಿರು ಆಡಳಿತ ಮಂಡಳಿ ಕೊಟ್ಟ ಹತ್ತು ಸಾವಿರಕ್ಕೆ ಕೈಮುಗಿದು ಮನೆಗೆ ಹೋಗುತ್ತಾರೆ.

ನ್ಯಾಯಾಲಯದ ಹೊರಗೆ, ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಆಯೋಗಕ್ಕೆ ನೇರವಾಗಿಯೂ ಬರೆಯಬಹುದು. ದಾಖಲೆ ತರಿಸಿಕೊಳ್ಳುವ, ಸಾಕ್ಷಿಗಳನ್ನು ಕರೆಸುವ ಅಧಿಕಾರ ಅದಕ್ಕಿದೆ, ಮಧ್ಯಂತರ ನೆರವಿಗೆ ಶಿಫಾರಸನ್ನೂ ಮಾಡಬಹುದು. ಆದರೆ ಕೊನೆಗೂ ಅದು ಶಿಫಾರಸೇ.

ಈಗ ಇಲಾಖೆಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. 1995ರ ಮೇ ತಿಂಗಳಲ್ಲಿ ಪಂಜಾಬಿನ ಶಾಲೆಯೊಂದು ಪಿಕ್‌ನಿಕ್‌ಗೆ ಕರೆದೊಯ್ದಿದ್ದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಹಿಮಾಚಲ ಪ್ರದೇಶ ಹೈಕೋರ್ಟ್ ಪ್ರತಿ ಮಗುವಿನ ಕುಟುಂಬಕ್ಕೆ ಐದು ಲಕ್ಷ ರೂಪಾಯಿ ಪರಿಹಾರ ನೀಡಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಪ್ರಾಂಶುಪಾಲರ ಅಮಾನತಾಯಿತು, ಶಿಕ್ಷಕರ ಬಂಧನವಾಯಿತು, ಪ್ರತಿ ಕುಟುಂಬಕ್ಕೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ನಡುವೆ ಮೂವತ್ತು ವರ್ಷ ಕಳೆದಿದೆ, ಮೊತ್ತ ಮಾತ್ರ ಅದೇ ಐದು ಲಕ್ಷ. ಇದು ಸಾವಿನ ಮಾತಾಯಿತು. ಬದುಕುಳಿದು ಒಂದು ಕಣ್ಣು ಕಳೆದುಕೊಂಡ, ಸುಟ್ಟ ಚರ್ಮ ಬಿಗಿದು ಕೈ ಮಡಚಲಾಗದ ಮಗುವಿಗೆ ಘೋಷಣೆಯೂ ಇಲ್ಲ, ಟಿವಿ ಕ್ಯಾಮೆರಾವೂ ಇಲ್ಲ.

ಅಮಾನತಿನ ಬಗ್ಗೆಯೂ ಒಂದು ಮಾತು. ಅನಾಹುತವಾದ ಸಂಜೆಯೇ ಮುಖ್ಯ ಶಿಕ್ಷಕರನ್ನು ಅಮಾನತುಗೊಳಿಸುವುದರಿಂದ ಇಲಾಖೆ ಕ್ರಮ ಕೈಗೊಂಡಂತೆ ಕಾಣುತ್ತದೆ, ಗಾಯಗೊಂಡ ಮಗುವಿಗೆ ಅದರಿಂದ ನಯಾಪೈಸೆಯ ಪ್ರಯೋಜನವಿಲ್ಲ. ಇದರ ಅಡ್ಡಪರಿಣಾಮವೆಂದರೆ ಪ್ರತಿ ಮುಖ್ಯ ಶಿಕ್ಷಕರೂ ಸಣ್ಣ ಅಪಘಾತವನ್ನು ಮುಚ್ಚಿಡಲು ಕಲಿಯುತ್ತಾರೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ ಅವರದು. ತಮ್ಮ ಜೇಬಿನಿಂದ ಹಣ ಹಾಕಿ ಮಗುವಿಗೆ ಪಟ್ಟಿ ಕಟ್ಟಿಸಿದ ಒಳ್ಳೆಯ ಶಿಕ್ಷಕರೂ ಘಟನೆಯನ್ನು ಬರೆದಿಡಲು ಹೆದರುತ್ತಾರೆ. ಬರೆದಿಟ್ಟವರಿಗೆ ರಕ್ಷಣೆ, ಮುಚ್ಚಿಟ್ಟವರಿಗೆ ಕ್ರಮ ಎಂದು ಇಲಾಖೆ ಇದನ್ನು ತಿರುಗಿಸಬೇಕು.

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. ಶಾಲಾ ಸುರಕ್ಷತೆಯಲ್ಲಿ ಆಡಳಿತ ಮಂಡಳಿಗಳ ಹೊಣೆಗಾರಿಕೆಯನ್ನು ನಿಗದಿಪಡಿಸುವ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲೇ ಹೊರಡಿಸಿದೆ, ಎಲ್ಲ ರಾಜ್ಯಗಳೂ ಅದನ್ನು ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ನಿರ್ದೇಶಿಸಿದೆ. ಆ ಮಾರ್ಗಸೂಚಿಯನ್ನು ಆಧರಿಸಿ ಇಲಾಖೆ ಒಂದು ಆದೇಶ ಹೊರಡಿಸಲಿ. ಸರ್ಕಾರಿ, ಅನುದಾನಿತ, ಅನುದಾನರಹಿತ ಎಂಬ ಭೇದವಿಲ್ಲದೆ, ಆಸ್ಪತ್ರೆಯ ಚಿಕಿತ್ಸೆ ಬೇಕಾದ ಯಾವುದೇ ಗಾಯವಾದರೂ 48 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಘಟನಾ ವರದಿ ಬರೆದು, ಅದರ ಸಹಿ ಮಾಡಿದ ಪ್ರತಿಯನ್ನು ಪೋಷಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಡುವುದು ಕಡ್ಡಾಯವಾಗಲಿ. ಅದರಲ್ಲಿ ಸ್ಥಳ, ಸಮಯ, ಆಗ ಹಾಜರಿದ್ದ ಸಿಬ್ಬಂದಿಯ ಹೆಸರು, ನೋಡಿದವರು, ಕೊಟ್ಟ ಪ್ರಥಮ ಚಿಕಿತ್ಸೆ, ಪೋಷಕರಿಗೆ ತಿಳಿಸಿದ ಹೊತ್ತು, ಸ್ಥಳದ ಎರಡು ಚಿತ್ರಗಳು ಇರಲಿ. ತಪ್ಪು ಯಾರದೆಂಬ ಕಾಲಂ ಬೇಡ, ಅದನ್ನು ತೀರ್ಮಾನಿಸುವವರು ಬೇರೆ. ವರದಿಯಾದ ಘಟನೆಯ ಸಿಸಿಟಿವಿ ದೃಶ್ಯವನ್ನು ಕನಿಷ್ಠ ಒಂದು ವರ್ಷ ಉಳಿಸಿಡಲಿ. ಶಾಲೆ ವರದಿ ಕೊಡದಿದ್ದರೆ ಪೋಷಕರ ಅರ್ಜಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯೇ ಒಂದು ವಾರದೊಳಗೆ ಸ್ಥಳ ಪರಿಶೀಲಿಸಿ ವರದಿ ಮಾಡಲಿ. ಇದರ ಜೊತೆಗೆ, ಶಾಲೆಯ ಬಸ್ಸಿಗೆ ಇರುವ ವಿಮೆಯ ರಕ್ಷಣೆ ಶಾಲೆಯ ಮೆಟ್ಟಿಲಿಗೂ ಅಡುಗೆಕೋಣೆಗೂ ಸಿಗುವಂತೆ, ಪ್ರತಿ ವಿದ್ಯಾರ್ಥಿಗೆ ಅಪಘಾತ ವಿಮೆ ಮಾಡಿಸುವುದನ್ನು ಶಾಲೆಯ ಮಾನ್ಯತೆ ನವೀಕರಣದ ಷರತ್ತಾಗಿಸಬಹುದು. ಸರ್ಕಾರಿ ಶಾಲೆಗಳ ಕಂತನ್ನು ಇಲಾಖೆಯೇ ಭರಿಸಲಿ. ನೆರೆಯ ಮಹಾರಾಷ್ಟ್ರವು ವಿದ್ಯಾರ್ಥಿಗಳ ಅಪಘಾತಕ್ಕೆ ಸಾನುಗ್ರಹ ಅನುದಾನದ, ಅಂದರೆ ಸರ್ಕಾರವೇ ಕೊಡುವ ಧನಸಹಾಯದ, ಯೋಜನೆಯನ್ನು ನಡೆಸಿಕೊಂಡು ಬಂದಿದೆ.

ಈ ಆದೇಶ ಮುಂದಿನ ಶೈಕ್ಷಣಿಕ ವರ್ಷದ ಶಾಲಾ ಪ್ರಾರಂಭೋತ್ಸವಕ್ಕೆ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ತಲುಪಲಿ ಎಂಬುದು ನನ್ನ ಕೋರಿಕೆ. ವರದಿಯ ಕರಡು ನಮೂನೆಯೊಂದನ್ನು ಸಿದ್ಧಪಡಿಸಿ ಈ ಪತ್ರದೊಂದಿಗೆ ಅಂಚೆಯಲ್ಲಿ ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಒಂದೇ ಪುಟದ್ದು, ತುಂಬಲು ಕಾಲು ಗಂಟೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ನ್ಯಾಯಾಲಯದ ಒಬ್ಬ ವಕೀಲ